ಭಾಗ್ಯಾ ಯಾಕ ಕ್ಲಾಸಿಗೆ ಬರಲಿಲ್ಲ

…ಇಲ್ಲ, ಇಲ್ಲ, ಇಲ್ಲ! ಆ ಮಾತು ಆಮ್ಯಾಲ. ಮೊದಲ ಈ ಕಡಬು ತಿನ್ರಿ. ಹಂಗ ತಾಟಿನ ಮ್ಯಾಲ ಕೈ ಅಡ್ಡ ಹಿಡೀಬ್ಯಾಡ್ರಿ ಜಸ್ಮೀನ ಟೀಚರ, ಎಳ್ಳಮವಾಸಿ ದಿನ ಹೊಲಕ್ಕ ಉಣ್ಣಾಕ ಬಂದವರು ಬ್ಯಾಡ ಅನಬಾರದು. ಭೂಮಿತಾಯಿ ಮುನಿಸ್ಕೋತಾಳ… ಏನು? ಯಾರು ಹೇಳ್ಯಾರಂದ್ರ? ನಾ ಹೇಳಾಕತ್ತೇನಲ್ಲ! ಹೊಲ ಈ ಸುಭದ್ರಾಬಾಯಿದು, ಕಡಬು ಸುಭದ್ರಾಬಾಯಿದು, ಶಾಸ್ತ್ರನೂ ಸುಭದ್ರಾಬಾಯಿದೇ. ನಗ್ರಿ, ನಗ್ರಿ… ನಗಾಕ ಬಾಯಿ ತೆರದ್ರಲ್ಲ, ಹಾಕ್ಕೋರಿ ಒಂದು ತುತ್ತು!

ಹಾಂ. ಹಿಂಗ.

ಈದಿಗೆ ನನ್ನ ಆಳಂದಕ್ಕ ಕರಸ್ಕೊಂಡು ನಿಮ್ಮವ್ವ ಏನು ಮಾಡಿದ್ರು? ವಾಟಗದ ಮ್ಯಾಲ ವಾಟಗ ಶಾವಿಗಿ ಸುರಕುಂಬಾ ಕುಡಿಸಿದ್ರು. ನಾ ಒಲ್ಲೆ ಅಂದ್ನೇನು? ಬಸ್ಸಿನಾಗ ನಿಂತ್ಕೊಂಡು ಬಂದೆ ನಮ್ಮ ನಿಂಬರ್ಗಾ ತನಕ, ಕುಂತ್ರ ಹೊಟ್ಟಿ ಬಗ್ಗತಿದ್ದಿಲ್ಲ. ಈಗ ಪಾಳಿ ನಂದು. ಭಜ್ಜಿ ಹಾಕಲ್ಯಾ?… ಬ್ಯಾಡ ಅಂದ್ರೂ ಹಾಕ್ತೇನಿ, ಸುಮ್ನ ರೀತಿಗೆ ಕೇಳ್ದೆ. ಹತ್ತು ಥರದ ಕಾಯಿಪಲ್ಯ ಅದರಾಗ ಬಿದ್ದಾವ. ನಾವು ಏಳೋಕಿಂತ ಮೊದಲ ಕೋಳಿ ಎದ್ದಿದ್ದಿಲ್ಲ ಇವತ್ತ.

ನೀವು ಏನು ಕೇಳಾಕ ಬಂದೀರಿ ಅಂತ ನನಗ ಗೊತ್ತದ. "ಭಾಗ್ಯಾ ಯಾಕ ಸಂಜಿ ಕ್ಲಾಸಿಗೆ ಬರವಲ್ಲಳು?" ಅದೇ ಅಲ್ಲ? ತಲಿ ಹಾಕ್ರಿ ಸಾಕು, ಬಾಯಾಗ ಕಡಬು ಅದ… ಮತ್ತ! ಗೊತ್ತಿತ್ತು ನನಗ. ಊಟಕ್ಕ ಕರದವಳು ನಾನು, ನೀವು ಬಂದದ್ದು ಜಗಳಕ್ಕ.

ನೋಡ್ರಿ, ನನ್ನ ಮೊಮ್ಮಗಳು ಮಂದ ಅಲ್ಲ.

…ನೀವು ಮಂದ ಅಂದಿಲ್ಲ, ಒಪ್ಪಿದೆ. ಡಿಸ್ಲೆಕ್ಸಿಯಾ ಅಂದ್ರಿ. ಖರೇ ಹೇಳ್ತೇನಿ, ಮೊದಲ ಆ ಹೆಸರು ಕೇಳಿದಾಗ ತೊಗರಿ ಹುಳಕ್ಕ ಹೊಡಿಯೋ ಎಣ್ಣಿ ಅನಕೊಂಡಿದ್ದೆ. ಹೌದ್ರಿ! ಬಾಟ್ಲಿ ಮ್ಯಾಲ ಇಂಥವೇ ಹೆಸರು ಇರ್ತಾವ. ಆಮ್ಯಾಲ ನೀವು ತಿಳಿಸಿ ಹೇಳಿದ್ರಿ. ಬುದ್ಧಿ ಚುರುಕೇ ಇರ್ತದ, ಆದ್ರ ಕಿವಿಯಾಗಿನ ಸಪ್ಪಳಕ್ಕೂ ಕಣ್ಣಾಗಿನ ಅಕ್ಷರಕ್ಕೂ ಗಂಟು ಬೀಳೋದು ತಡ ಆಗ್ತದ, ಬ್ಯಾರೆ ರೀತಿಲೆ ಕಲಿಸಿದ್ರ ಗಂಟು ಬೀಳ್ತದ ಅಂತ. ಚುರುಕು ಅನ್ನೋದು ನೀವು ಹೇಳ್ಬೇಕಾ ನನಗ? ಓಣಿಯಾಗ ಬೈಕು ಹೋದ್ರ ನೋಡ್ಲಾರದೇ ಯಾರದಂತ ಹೇಳ್ತಾಳ ಹುಡುಗಿ. ನನ್ನ ರೊಟ್ಟಿ ಗಿರಾಕಿಗೊಳೊಳಗ ಯಾರಿಗೆ ಖಡಕ ಬೇಕು, ಯಾರಿಗೆ ಮೆತ್ತಂದು ಬೇಕು, ಯಾರಿಗೆ ಎಳ್ಳು ಹಚ್ಚಿದ್ದು ಬೇಕು, ಎಲ್ಲಾ ಆಕಿ ತಲ್ಯಾಗ. ನಾ ಮರತ್ರ ಆಕೀಗೇ ಕೇಳ್ತೇನಿ.

ಆದ್ರ 'ಕಮಲ' ಓದವ್ವ ಅಂದ್ರ 'ಕಲಮ' ಅಂತಾಳ. ಒಂದು ಸಾಲು ಓದ್ತಾಳ, ನಡುವಿನ ಸಾಲು ಬಿಟ್ಟು ಕೆಳಗಿನ ಸಾಲಿಗೆ ಹೋಗ್ತಾಳ, ಆಡಿನ ಮರಿ ಬದು ಜಿಗದಂಗ. ಯಾಕಬೇ ಅಂದ್ರ, "ಆಯಿ, ಅಕ್ಷರ ಸುಮ್ನ ಕುಂದ್ರವಲ್ವು" ಅಂತಾಳ. ನಾನೂ ಕನ್ನಡಕ ತಗದು, ಹಾಕಿ, ಮತ್ತ ತಗದು ನೋಡ್ದೆ. ನನ್ನ ಕಣ್ಣಿಗೆ ಎಲ್ಲಾ ಕುಂತೇ ಇದ್ವು.

ಅಕಾ, ಅಲ್ಲಿ ನೋಡ್ರಿ, ಹುಣಸಿ ಗಿಡದ ಜೋಕಾಲಿ ಮ್ಯಾಲ. ಕಾಲು ಮ್ಯಾಲ ಮಾಡಿ ಹ್ಯಾಂಗ ಜೀಕಾಕತ್ತಾಳ!… ಕರೀಬ್ಯಾಡ್ರಿ, ಕರೀಬ್ಯಾಡ್ರಿ! ಹಬ್ಬದ ದಿನ ಆಡ್ಲಿ ಬಿಡ್ರಿ. ನಿಮ್ಮನ್ನ ನೋಡಿದ್ರ ಬಂದು ಮಡಿಲಾಗ ಕುಂದುರ್ತಾಳ, ಆಮ್ಯಾಲ ನಿಮಗ ಉಣ್ಣಾಕ ಬಿಡಂಗಿಲ್ಲ.

ಹಿಂಡಿ ಹಚ್ಕೋರಿ ರೊಟ್ಟಿಗೆ. ಶೇಂಗಾ ಹಿಂಡಿ.

ಹಾಂ, ಕ್ಲಾಸು. ಯಾಕ ಕಳಸವಲ್ಲೆ ಅಂದ್ರ… ಮಂದಿ ಟೀಚರ, ಮಂದಿ. ಎಲ್ಲಾ ಹುಡುಗ್ರು ಮನಿಗೆ ಹೋದ ಮ್ಯಾಲ ನಾಲ್ಕು ಹುಡುಗ್ರು ಒಂದು ಖೋಲಿಯಾಗ ಕುಂತ್ರ ಊರ ಮಂದಿ ಏನಂತಾರ? ಸುಭದ್ರಾಬಾಯಿ ಮೊಮ್ಮಗಳಿಗೆ ಓದು ಹತ್ತವಲ್ದು ಅಂತಾರ. ನಾಳೆ ಕನ್ಯಾ ನೋಡಾಕ ಬಂದವರು ಕೇಳ್ತಾರ…

ಯಾಕ ನಗ್ತೀರಿ?

…ಐದನೇತ್ತೆ ಹುಡುಗಿಗೆ ಎಲ್ಲಿ ಕನ್ಯಾ ನೋಡಾಕ ಬರ್ತಾರಂದ್ರ? ಹ್ಞೂಂ, ಅದೂ ಖರೇ. ಏನು? ನಾ ಯಾವಾಗಿಂದ ಮಂದಿಗೆ ಅಂಜಾಕತ್ತೆ ಅಂತೀರಾ? ಏ, ಹಂಗ ಅನಬ್ಯಾಡ್ರಿ! ಸುಭದ್ರಾಬಾಯಿ ಮಂದಿಗೆ ಅಂಜಂಗಿಲ್ಲ. ರೊಟ್ಟಿ ಬುಟ್ಟಿ ತಲಿ ಮ್ಯಾಲ ಹೊತ್ತು ಆಳಂದ ಬಸ್ ಸ್ಟ್ಯಾಂಡಿನಾಗ ಕುಂತಾಗ ಯಾರಿಗಂಜಿದ್ದೆ? ಈ ಹೊಲ ನನ್ನ ಹೆಸರಿಲೆ ಅದ. ಖರೀದಿ ದಿನ ಆಫೀಸಿನಾಗ ಆ ಸಾಹೇಬ ನನ್ನ ಮಾರಿ ನೋಡಿದವನೇ ಹೆಬ್ಬಟ್ಟಿನ ಮಸಿ ಡಬ್ಬಿ ಮುಂದ ಸರಿಸಿದ. ತಗೀರಿ ಅದನ್ನ ಅಂದೆ. ಪೆನ್ನು ಕೊಡ್ರಿ ಅಂದೆ. ಸಹಿ ಮಾಡಿದೆ ನೋಡ್ರಿ, ಪೂರಾ ಹೆಸರು, ಕೆಳಗ ಗೆರಿ ಸೈತ ಎಳದೆ. ನಮ್ಮ ಮನಿಯವರು ಶಿವರಾಯರು ಹಿಂದ ನಿಂತಿದ್ರು. ಅವರ ಮೀಸಿ ಅವತ್ತ ನನ್ನ ಸಹಿಯಿಂದ ಎತ್ತರ ಆತು.

ಯಾರು ಕಲಿಸಿದ್ರು ನನಗ? ಯಾರೂ ಇಲ್ಲ! ನೆಲೋಗಿಯಾಗ ಹುಟ್ಟಿದೆ, ಶಾಲಿ ಮುಂದ ಹಾದು ಹೊಲಕ್ಕ ಹೋದೆ, ಹೊಲದಿಂದ ಶಾಲಿ ಮುಂದ ಹಾದು ಮನಿಗೆ ಬಂದೆ. ಅಷ್ಟೇ ನನ್ನ ಶಾಲಿ. ಮದುವಿ ಆಗಿ, ಹುಡುಗ್ರಾಗಿ, ಬುಟ್ಟಿ ಹೊತ್ತು ಬಸ್ ಸ್ಟ್ಯಾಂಡಿನಾಗ ಕುಂತ ಮ್ಯಾಲ ಕಣ್ಣಿಗೆ ಬೇಜಾರಾತು. ಕಂಡಕ್ಟರ "ಜೇವರ್ಗಿ, ಜೇವರ್ಗಿ" ಅಂತ ಒದರ್ತಿದ್ದ, ನಾ ಬಸ್ಸಿನ ಬೋರ್ಡು ನೋಡ್ತಿದ್ದೆ. "ಅಫಜಲಪುರ" ಅಂತಿದ್ದ, ಬೋರ್ಡು ನೋಡ್ತಿದ್ದೆ. ಅದರಾಗಿನ 'ಜ' ಇದರಾಗ ಎಲ್ಲದ, ಹುಡುಕ್ತಿದ್ದೆ. ಬೆಲ್ಲ ಕಟ್ಟಿಕೊಟ್ಟ ಪೇಪರು ಮನ್ಯಾಗ ಬಿಚ್ಚಿದ್ರ, ಮೊದಲ ಪೇಪರು ಓದ್ತಿದ್ದೆ, ಇರುವಿ ಬೆಲ್ಲ ತಿಂತಿದ್ವು.

…ಏನಂದ್ರಿ? ನುಂಗಿ ಹೇಳ್ರಿ. …"ನಿಮಗ ಬಂದಂಗ ಎಲ್ಲಾರಿಗೂ ತಾನಾಗೇ ಬರಂಗಿಲ್ಲ. ಕೆಲವು ಹುಡುಗ್ರಿಗೆ ಒಂದೊಂದೇ ಸಪ್ಪಳ, ಒಂದೊಂದೇ ಅಕ್ಷರ ಬಿಡಿಸಿ ಕೊಡಬೇಕಾಗ್ತದ." ಹ್ಞೂಂ. ಇದು ನನ್ನ ಹೊಗಳಿದ್ದೋ, ನನ್ನ ಬಾಯಿ ಮುಚ್ಚಿಸಿದ್ದೋ?… ಎರಡೂ ಅಂತೀರಾ! ಶಾಣೇಕಿ ಇದ್ದೀರಿ. ಇನ್ನೊಂದು ಕಡಬು ತಗೋರಿ, ನಿಮ್ಮ ಬಾಯಿ ನಾ ಮುಚ್ಚಸ್ತೇನಿ.

ಅಲ್ಲ, ನೀವು ಕಲಿಸೋದರ ಏನು? ಉಸುಕು! ತಾಟಿನಾಗ ಉಸುಕು ಹರವಿ, ಬೆರಳಿಲೆ 'ಮ' ತಿದ್ದು, ಬಾಯಿಲೆ 'ಮ' ಅನ್ನು. ಅಳಸು. ಮತ್ತ ತಿದ್ದು. 'ಬ' ಕಲಿಯೋ ವಾರ 'ಭ' ಖೋಲಿ ಹತ್ರ ಸೈತ ಬರಂಗಿಲ್ಲ, ಎರಡೂ ಕಲಸಿ ಹೋಗ್ತಾವಂತ. ಶಬ್ದಕ್ಕ ಚಪ್ಪಾಳಿ ಬಡೀಬೇಕು, 'ತೊ'ಗೊಂದು, 'ಗ'ಗೊಂದು, 'ರಿ'ಗೊಂದು. ನಾ ತೊಗರಿ ಬಡಿಯೋದು ನೋಡೇನಿ, ತೊಗರಿಗೆ ಚಪ್ಪಾಳಿ ಬಡಿಯೋದು ನೋಡಿದ್ದಿಲ್ಲ! ಮತ್ತ ಆ ರಟ್ಟು… ರಟ್ಟಿಗೆ ಕಿಟಕಿ ಕೊರದು, ಬುಕ್ಕಿನ ಮ್ಯಾಲ ಇಟ್ಟು, ಒಂದೇ ಸಾಲು ಕಾಣೋಹಂಗ ಮಾಡ್ತೀರಿ. ಯಾರಿಗೂ ಎಲ್ಲಾರ ಮುಂದ ಎದ್ದು ನಿಂತು ಓದು ಅನ್ನಂಗಿಲ್ಲ. ತಪ್ಪಿದ್ರ ಬೈಯಂಗಿಲ್ಲ, "ಇನ್ನೊಂದ್ಸಲ ಬೆರಳಿಲೆ ನೋಡು" ಅಂತೀರಿ…

ಯಾಕ ಹಂಗ ಹುಬ್ಬು ಏರಿಸಿದ್ರಿ? ನನಗ ಇಷ್ಟೆಲ್ಲಾ ಹ್ಯಾಂಗ ಗೊತ್ತಂತನಾ? …ಹಂಗೇ. ಒಂದಿನ ಶಾಲಿ ಹಿಂದ ಹಾದು ಹೊಂಟಿದ್ದೆ. ಕಿಟಕಿ ತೆರದಿತ್ತು. ಎಮ್ಮಿ ಹುಡುಕ್ಕೋತ ಬಂದಿದ್ದೆ.

…ನಮ್ಮನ್ಯಾಗ ಎಮ್ಮಿ ಇಲ್ಲ ಅನ್ನೋದು ನಿಮಗ್ಯಾರು ಹೇಳಿದ್ರು?

ಅಂಬಲಿ ಕುಡೀರಿ, ಅಂಬಲಿ. ಖಾರ ಹತ್ತಿರಬೇಕು ನಿಮಗ, ಕಣ್ಣಾಗ ನೀರು ಬಂದಾವ. ನಕ್ಕು ಬಂದವೇನು? ನಿಮಗೇನು, ನಗ್ತೀರಿ. ಇಲ್ಲಿ ನನ್ನ ತಾಪತ್ರಯ ನನಗ.

ಇಲ್ಲ, ತಾಪತ್ರಯ ಖರೇನೇ ಅದ. ಮಗ ಶಾಂತಕುಮಾರ ಹವಳಗಾ ಫ್ಯಾಕ್ಟರಿಯಾಗ ಇದ್ದಾನ, ಕಬ್ಬು ನುರಿಯೋ ಹಂಗಾಮು, ಗಂಡ ಹೆಂಡ್ತಿ ಅಲ್ಲೇ ಖೋಲಿ ಮಾಡ್ಯಾರ. ಹುಡುಗಿ ನನ್ನ ಕಡೆ. ಸಂಜಿಗೆ ನಮ್ಮ ಮನ್ಯಾಗ ಎಷ್ಟು ಕೆಲಸ! ರೊಟ್ಟಿ ಎಣಿಸಬೇಕು, ಕಟ್ಟಬೇಕು… ಭಾಗ್ಯಾ ಮಾಡಂಗಿಲ್ಲರಿ, ನಾ ಆಕಿ ಕಡೆಯಿಂದ ಕೆಲಸ ಮಾಡಸಾಕಿ ಅಲ್ಲ. ಮತ್ತ ಯಾಕ ಕಳಸವಲ್ಲೆ ಅಂದ್ರ… ಜ್ವರ ಬಂದಿತ್ತು. ಹೇಳಿ ಕಳಿಸಿದ್ನಲ್ಲ.

…ಹೌದು, ಹೇನಾಗ್ಯಾವ ಅಂತನೂ ಹೇಳಿ ಕಳಿಸಿದ್ದೆ. ಎರಡೂ ಆಗಿದ್ವು. ಹೇನಿಗೇ ಜ್ವರ ಬಂದಿತ್ತು ಅನಕೋರಿ!

…ಮುಂಜಾನಿ ಶಾಲಿಗೆ ಬರ್ತಿದ್ಳು, ಸಂಜಿ ಕ್ಲಾಸಿಗೆ ಮಾತ್ರ ಜ್ವರ ಹ್ಯಾಂಗಂದ್ರ? ಸಂಜಿ ಜ್ವರ ಅಂತ ಇರ್ತದ್ರಿ. ಡಾಕ್ಟರಿಗೆ ಕೇಳ್ರಿ. ಗಂಟಿ ಹೊಡದಕೂಡ್ಲೆ ಬರ್ತದ, ಮನಿ ಮುಟ್ಟಿದಕೂಡ್ಲೆ ಇಳೀತದ. ನೀವು ಓದಿದವರು, ನಿಮಗ ಗೊತ್ತಿರಬೇಕಾಗಿತ್ತು.

ಹೋಳಿಗಿ ಬಡಸಲ್ಯಾ? ಶೇಂಗಾದ್ದು… ತಾಳ್ರಿ. ಏನಂದ್ರಿ? ಶಾಲ್ಯಾಗ ಕಥಿ ಹೇಳಿದ್ಳಾ? ನಮ್ಮ ಭಾಗ್ಯಾ? ಎಲ್ಲಾರ ಮುಂದ? ಯಾವ ಕಥಿ?

…ದೋಣಿ ಸಾವಂತ್ರಿದು?

ಭೀಮಾ ಹೊಳ್ಯಾಗ ದೋಣಿ ನಡಸೋ ಹುಡುಗಿ ಕಥಿ? ಆ ದಪ್ಪನ ಬುಕ್ಕಿಂದು? ಒಂದೂ ಮಾತು ಬಿಡಲಾರದ? ಸಾವಂತ್ರಿ ಅಪ್ಪನ ಕಾಲು ಮುರಿಯೋದು, ಊರ ಗಂಡಸರು "ಹುಡುಗಿ ಹುಟ್ಟು ಹಾಕಿದ್ರ ದೋಣಿ ಮುಳಗ್ತದ" ಅನ್ನೋದು, ಆಕಿ ಅವರನ್ನೇ ಕುಂದರಿಸ್ಕೊಂಡು ಆಚಿ ದಂಡಿಗೆ ಒಯ್ಯೋದು… ಎಲ್ಲಾ ಹೇಳಿದ್ಳಾ? ಮೊಸಳಿ ಮಾತು ಹೇಳಿದ್ಳಾ? ಹ್ಯಾಂಗ ಹೇಳಿದ್ಳು, ಗಂಟಲ ಒಳಗಿಂದ, "ಯಾರದು ನನ್ನ ನೀರಾಗ" ಅಂತ?

ಅದು ನಂದು! ಆ ದನಿ ನಂದು ಟೀಚರ! ಬುಕ್ಕಿನಾಗ ಬರೇ ಅಕ್ಷರ ಅದ, ದನಿ ನಾ ಹಾಕಿದ್ದು!

ಯಾರಿಗೂ ಹೇಳಬ್ಯಾಡ್ರಿ ಮತ್ತ. ರೊಟ್ಟಿ ಕೆಲಸ ಮುಗದ ಮ್ಯಾಲ ಕೈ ತೊಳ್ಕೋತೇನಿ, ಕನ್ನಡಕ ಹಾಕ್ಕೋತೇನಿ, ಕಟ್ಟಿ ಮ್ಯಾಲ ಕುಂದುರ್ತೇನಿ. ಆಕಿ ಬಂದು ತೊಡಿ ಮ್ಯಾಲ ತಲಿ ಇಡ್ತಾಳ. ನಾ ಓದ್ತೇನಿ. ಸಾವಂತ್ರಿಗೆ ಸಣ್ಣ ದನಿ, ಗೌಡಗ ದಪ್ಪ ದನಿ, ಹೊಳಿಗೆ ಬ್ಯಾರೇನೇ ದನಿ… ಹೊಳಿಗೂ ಅದರಿ! "ಝುಳು ಝುಳು" ಅಂತ ಬರದಾರ, ಸುಮ್ನ ಓದಾಕ ಬರ್ತದೇನು? ಬರೋಬ್ಬರಿ ಕಥಿ ಬಿಗಿ ಆಗೋ ಜಾಗಾಕ್ಕ ಬಂತಂದ್ರ ನಾ ನಿಂದರ್ತೇನಿ. ಕನ್ನಡಕ ಎಲ್ಲಿ ಹೋತು ಅಂತೇನಿ. ಕನ್ನಡಕ ಮೂಗಿನ ಮ್ಯಾಲೇ ಇರ್ತದ! ಆಕಿ ಕಾಲು ಬಡೀತಾಳ, "ಆಯಿ, ಮುಂದ? ಆಯಿ, ಮುಂದ?" ಅಂತಾಳ. ನಾ ನೀರು ಕುಡೀತೇನಿ, ಸೆರಗು ಝಾಡಸ್ತೇನಿ, ಸಾವಕಾಶ ಕನ್ನಡಕ ಒರಸ್ತೇನಿ. ಸಿಗೋದೇ ಇಲ್ಲ ಟೀಚರ, ಆ "ಮುಂದ?" ಅನ್ನೋದು ಎಲ್ಲೂ ಸಿಗೋದಿಲ್ಲ.

ಒಂದಿನ ಮಜಾ ಏನಾತಂದ್ರ, ನಗ್ತೀರಿ ನೀವು, ಬುಕ್ಕಿನಾಗ ಮೊಸಳಿ ಬರೋ ಪುಟ. ನಡು ಹೊಳಿ, ಕತ್ತಲಾಗಾಕತ್ತದ, ದೋಣಿ ಕೆಳಗ ಏನೋ ಹೊರಳಿತು. ನಾ ನಿಂತೆ. "ಬೆನ್ನು ಹಿಡೀತಬೇ" ಅಂದೆ. ಬೆನ್ನಿಗೇನೂ ಆಗಿದ್ದಿಲ್ಲ. ಈಕಿ ತಡೀಲಿಲ್ಲ. ಎದ್ದು ಕುಂತು, ಪಾಟಿಚೀಲದಾಗಿಂದ ನಿಮ್ಮ ಕಿಟಕಿ ರಟ್ಟು ತಗದು, ಸಾಲಿನ ಮ್ಯಾಲ ಇಟ್ಳು. ಬೆರಳು ಇಟ್ಳು. "ಮೊ… ಸ… ಳೆ" ಅಂದ್ಳು. "ಮೊಸಳೆ" ಅಂದ್ಳು! "ಬಾ… ಯಿ… ತೆ… ರೆ… ಯಿ… ತು." ಕೆಳತುಟಿ ಕಚ್ಕೊಂಡು, ಹಣಿ ಮ್ಯಾಲ ಬೆವರು, ಒಂದೂ ಅಕ್ಷರ ಹಿಂದ ಮುಂದ ಆಗಲಿಲ್ಲ…

ಏ ಸಾವಕಾಶ! ಕೈ ಬಿಡ್ರಿ ನಂದು! ಭಜ್ಜಿ ಚೆಲ್ತು ನೋಡ್ರಿ ನಿಮ್ಮ ಓಢಣಿ ಮ್ಯಾಲ. ಹೌದ್ರಿ, ತಾನೇ ಓದಿದ್ಳು. ಯಾರೂ ಹೇಳಿಕೊಡಲಿಲ್ಲ. ಪೂರಾ ಸಾಲು, ಆಮ್ಯಾಲ ಅದರ ಕೆಳಗಿಂದು. ನಾ ಒಲಿ ಮ್ಯಾಲಿನ ಹಾಲು ಉಕ್ಕತದಂತ ಎದ್ದು ಒಳಗ ಹೋದೆ, ಹಿಂದ ಆಕಿ ಇನ್ನಾ ಓದಾಕತ್ತಿದ್ಳು.

…ಯಾವತ್ತಂದ್ರ? ಯಾವತ್ತೋ ಏನೋ. ಬೆಳದಿಂಗಳ ಬಿದ್ದಿತ್ತು ಅಂಗಳದಾಗ. ಹುಣ್ಣಿಮಿ ಇರಬೇಕು… ಹೌದು, ಹುಣ್ಣಿಮಿ ಸಂಜಿನೇ, ನಮ್ಮ ಮನಿಯವರು ಮಠಕ್ಕ ಹೋಗಿದ್ರು.

ಉಣ್ರಿ.

ಯಾಕ ಬಿಟ್ರಿ ಊಟ? ಹೋಳಿಗಿ ಹಂಗೇ ಅದ ತಾಟಿನಾಗ. …ಟೀಚರ?

ಹುಣ್ಣಿಮಿ ಆತು. ಮರುದಿನ ಏನಾತಂದ್ರ… ಮರುದಿನ ಜ್ವರ ಬಂತು ನೋಡ್ರಿ ಆಕಿಗೆ. ಹೇನು ಆಮ್ಯಾಲ. ಮೊದಲ ಜ್ವರ, ಆಮ್ಯಾಲ… ಅವತ್ತಿಂದಲೇ ಕ್ಲಾಸಿಗೆ… ಅವತ್ತಿಂದ…

ಹಂಗ ನೋಡಬ್ಯಾಡ್ರಿ.

ಏನರೆ ಅನ್ರಿ. ಇಷ್ಟೊತ್ತು ಬಾಯಿಗೆ ತುತ್ತು ಹಾಕಿ ಹಾಕಿ ಮಾತು ಮುಚ್ಚಿಸಿದಾಕಿ ನಾ, ಈಗ ನಾನೇ ಮಾತಾಡ್ರಿ ಅಂತೇನಿ. ಬೈಯ್ರಿ. ಜಗಳಕ್ಕ ಬಂದಿದ್ರಿ ಅಲ್ಲ, ಮಾಡ್ರಿ ಜಗಳ.

ಒಲಿ ಮ್ಯಾಲ ಹಾಲೇ ಇದ್ದಿಲ್ಲರಿ.

ಒಳಗ ಹೋಗಿ ಒಲಿ ಮುಂದ ಸುಮ್ನ ನಿಂತೆ. ಹೊರಗ ಆಕಿ ಓದಾಕತ್ತಿದ್ಳು. "ಆಯಿ, ಮುಂದ" ಅನ್ನಲಿಲ್ಲ. ಬಂದೆ, ಬುಕ್ಕು ಕಸಗೊಂಡೆ, ಕತ್ತಲಾಗ ಕಣ್ಣು ಕೆಡ್ತಾವ ಅಂದೆ. ಈಗ ಬುಕ್ಕು ಎತ್ತರ ಹಿಡದು ಓದ್ತೇನಿ. ಹಿಂಗ… ಆಕಿ ಕಣ್ಣಿಗೆ ಸಾಲು ಸಿಗಲಾರದಂಗ. ಕೈ ಸೋಲ್ತಾವ. ಆದ್ರೂ ಹಿಡೀತೇನಿ.

ನಾ ಓದಾಕ ಕಲತ ಮ್ಯಾಲ ಯಾರಿಗೆ ಬೇಕಾಗಿತ್ತು ಹೇಳ್ರಿ ನನ್ನ ಓದು? ಮನಿಯವರ ಮುಂದ ಓದಿದ್ರ ಗೊರಕಿ ಹೊಡೀತಾರ. ರೊಟ್ಟಿ ಬಡಿಯೋ ಹೆಣಮಕ್ಕಳ ಮುಂದ ಓದಿದ್ರ, "ಅಕ್ಕಾ, ಟಿವಿ ಹಚ್ಚಬೇ" ಅಂತಾರ. ಸೊಸಿ ಪಾಪ, ಹ್ಞೂಂ ಹ್ಞೂಂ ಅಂತ ಮೊಬೈಲ್ ನೋಡ್ತಾಳ. ಸಹಿ ಮಾಡಾಕ ಬೇಕಾತು, ಬಸ್ಸು ಹತ್ತಾಕ ಬೇಕಾತು. ಅಷ್ಟಕ್ಕೇನು ಇಷ್ಟು ಕಲಿತ್ನಾ ನಾ? ಈ ಒಂದು ಹುಡುಗಿ ಬಂತು, ಅಕ್ಷರ ಸುಮ್ನ ಕುಂದ್ರವಲ್ವು ಆಯಿ, ನೀ ಓದು ಅಂತು. ನನಗ… ಖರೇ ಹೇಳಲ್ಯಾ? ನನಗ ಕೆಟ್ಟ ಅನ್ನಿಸಲೇ ಇಲ್ಲ ಟೀಚರ. ಛಂದ ಅನ್ನಿಸ್ತು.

ಆಕಿ ಶಾಲ್ಯಾಗ ಅತ್ತು ಬರೋದು ನೋಡೇನಿ. ಓದು ಅಂದ್ರ ಹೊಟ್ಟಿ ನೋಯ್ತದ ಅನ್ನೋದು ಕೇಳೇನಿ. ನಿಮ್ಮ ಉಸುಕಿನ ತಾಟಿನ ಮುಂದ ನಗೋದು… ಅದೂ ನೋಡೇನಿ, ಎಮ್ಮಿ ಹುಡುಕ್ಕೋತ ಬಂದಾಗ. ಎಲ್ಲಾ ನೋಡೇನಿ. ನೋಡಿನೂ ಬುಕ್ಕು ಎತ್ತರ ಹಿಡದೇನಿ.

ಇನ್ನ ಉಣ್ಣಂಗಿಲ್ಲ ಅಲ್ಲ? ಬ್ಯಾಡ ಬಿಡ್ರಿ. ತಾಟು ಇತ್ತ ಕೊಡ್ರಿ, ಕೈ ತೊಳಿಯಾಕ ನೀರು ತರ್ತೇನಿ.

ನಾಳೆ ಬರ್ತಾಳ. ಜ್ವರ ಇಲ್ಲ, ಹೇನಿಲ್ಲ, ಏನೂ ಇಲ್ಲ. ಗಂಟಿ ಹೊಡಿಯೋದ್ರಾಗ ನಿಮ್ಮ ಖೋಲಿಯಾಗ ಇರ್ತಾಳ, ನಾನೇ ಕೈ ಹಿಡದು ತಂದು ಬಿಡ್ತೇನಿ. ಮಂದಿ ನೋಡಿದ್ರ ನೋಡ್ಲಿ.

ಏ ಭಾಗ್ಯಾ! ಇಳಿಬೇ ಜೋಕಾಲಿಂದ! ಬಾ ಇಲ್ಲಿ, ನಿಮ್ಮ ಟೀಚರ ಕರೀತಾರ!

…ಆಕಿ ಬರೋದ್ರಾಗ ಒಂದು ಮಾತು. ಕಲಿಸ್ರಿ ಆಕಿಗೆ. ಎಲ್ಲಾ ಕಲಿಸ್ರಿ, ಒತ್ತಕ್ಷರ ಸೈತ ಬಿಡಬ್ಯಾಡ್ರಿ. ಆದ್ರ ಟೀಚರ…

ಸ್ವಲ್ಪ ನಿಧಾನ ಕಲಿಸ್ರಿ.